ಎರಡೆಲೆ, ನಾಲ್ಕು ಬೆರಳು

...ಥೂ! ಆ ಬೂಟು ಹೊಸಿಲಾಚೆ ಬಿಡು ತಾಯಿ, ಒಳಗೆ ತರಬೇಡ. ಕುರಿಹಿಕ್ಕೆ ಮೆತ್ತಿರುತ್ತೆ. ಏನು, ಮೆತ್ತಿಲ್ವಾ? ಸರಿಯಾಗಿ ನೋಡು! ಆ ಕುರಿಗಾರ ನಿಸ್ತೋರನ ಮಂದೆ ನುಗ್ಗಿದ ಜಾಗದಿಂದ ಇಳಿದು ಬರ್ತಿದೀಯ, ಹಿಕ್ಕೆ ಇಲ್ಲದೆ ಇರುತ್ತಾ? ಒಣಗಿ ಉದುರಿರ್ಬೇಕು, ಬಿಡು.

ಕೂತ್ಕೋ. ಜೋಳದ ಮುದ್ದೆ ಇನ್ನೂ ಬಿಸಿ ಇದೆ. ಪ್ಲಮ್ ಸಾರಾಯಿ ಒಂದು ಗುಟುಕು? ಬೇಡ್ವಾ? ನಿಮ್ಮ ವೆತೂರಿಯಾ ಪ್ರೊಫೆಸರಮ್ಮ, ದೇವರು ಅವರನ್ನ ತಣ್ಣಗಿಟ್ಟಿರಲಿ, ಎರಡು ಲೋಟ ಏರಿಸದೆ ಗುಡ್ಡ ಹತ್ತಿದೋರೇ ಅಲ್ಲ. ಹುಲ್ಲುಗಾವಲಲ್ಲಿ ನಾಲ್ಕು ಕಬ್ಬಿಣದ ಗೂಟ ಹೊಡೆದು ಆ ಚೌಕ ಮಾಡಿದೋರು ಅವರೇ. ಐದು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ. 'ಗವ್ರಿಲ, ಹೊಟ್ಟೆ ಮೇಲೆ ಮಲಗು' ಅಂದ್ರು. 'ನಿಂತೋನಿಗೆ ಹುಲ್ಲು ಕಾಣುತ್ತೆ, ಮಲಗಿದೋನಿಗೆ ಹುಲ್ಲುಗಳು ಕಾಣ್ತವೆ.' ಮೂವತ್ತೊಂದು ವರ್ಷ ಕಣಮ್ಮ! ಪ್ರತಿ ಬೇಸಿಗೆ ಸಂತ ಪೇತ್ರನ ಹಬ್ಬದ ಮುಂಚೆ ಮಲಗಿ ಎಣಿಸೋದು, ಬರೆಯೋದು. ಹಬ್ಬ ಕಳೆದ ಮೇಲೆ ಕುಡುಗೋಲು ಬೀಸಿ ಹುಲ್ಲು ಕೊಯ್ಯೋದು. ಐವತ್ತೊಂದು ಜಾತಿ! ನಡುಗೋ ಹುಲ್ಲು, ಗಂಟೆಯ ಹಾಗಿರೋ ನೀಲಿ ಹೂವು, ಎಲ್ಲ...

ನೀನು ಮಧ್ಯಾಹ್ನ ಅಲ್ಲಿಂದಲೇ ಫೋನ್ ಮಾಡಿ 'ಹನ್ನೆರಡೇ ಜಾತಿ ಉಳಿದಿವೆ' ಅಂದೆಯಲ್ಲ. ಆಗಲೇ ಹೇಳ್ದೆ, ನಿಸ್ತೋರ ಅಂತ. ಇನ್ಯಾರು? ಮಂದೆ ನುಗ್ತು, ಹಿಕ್ಕೆ ಹಾಕ್ತು, ನೆಲ ಕೊಬ್ಬಿತು. ಕೊಬ್ಬಿದ ನೆಲದಲ್ಲಿ ಒರಟು ಹುಲ್ಲೆದ್ದು ಸಣ್ಣ ಹೂಗಳ ಕತ್ತು ಹಿಸುಕಿಬಿಡ್ತು. ಒಂದೇ ವರ್ಷದಲ್ಲಿ! ಛೀ ಛೀ! ನೆನೆಸಿಕೊಂಡ್ರೆ ವಾಕರಿಕೆ ಬರುತ್ತೆ.

ದೂರು ಬರೀತೀಯ ತಾನೆ? ಬರೀ. ಗುಡ್ಡದಿಂದ ಅವನನ್ನ ಒಕ್ಕಲೆಬ್ಬಿಸಲಿ. ಬೇರೆಲ್ಲಿ ಮೇಯಿಸ್ತಾನೆ ಅಂತಾನಾ? ಎಲ್ಲೂ ಇಲ್ಲ. ಮಾರ್ಕೊಳ್ಳಲಿ ಮಂದೆಯನ್ನ, ನನಗೇನು! ...ಯಾಕೆ ತಲೆ ಅಲ್ಲಾಡಿಸ್ತೀಯ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀಬಾರದು ಅಂತೀಯಾ?

ತಟ್ಟೆ ಯಾಕೆ ತಳ್ತೀಯ, ತಿನ್ನು. ಆ ಚೀಸಾ... ಹೂಂ, ಅವನದೇ. ಭಾನುವಾರ ಬಂತು ಅಂದ್ರೆ ಬಾಗಿಲಲ್ಲಿ ಇಟ್ಟು ಹೋಗ್ತಾನೆ. ನನ್ನ ಮಂಡಿ ಕೈಕೊಟ್ಟಾಗಿಂದ. ವಾಸನೆ ನೋಡು, ಅಸಹ್ಯ! ...ಯಾಕೆ ನಗ್ತೀಯ? ತಿಂತೀನಿ, ಹೌದು. ಹಸಿದ ಹೊಟ್ಟೆಗೆ ಮಾನ ಇರುತ್ತಾ?

ಮಂಡಿನಾ? ಆರು ವರ್ಷ ಆಯ್ತು. ...ಏನು ಹಾಗೆ ನೋಡ್ತೀಯ? ನೋವಿದ್ರೂ ಹತ್ತಿದೀನಿ ಕಣಮ್ಮ! ನಿನ್ನ ಮುಂದೇನೇ ಇದಾವಲ್ಲ ಎಣಿಕೆ ಪುಸ್ತಕಗಳು, ನೋಡ್ಕೋ. ಒಂದು ವರ್ಷನೂ ಖಾಲಿ ಬಿಟ್ಟಿಲ್ಲ. ನಿಮ್ಮ ಸಂಸ್ಥೆಯೋರೇ ಕಾಗದ ಬರೆದಿದ್ರು, ಅಗೋ ಗೋಡೆ ಮೇಲೆ ಕಟ್ಟು ಹಾಕ್ಸಿದೀನಿ. 'ಒಂದಿಷ್ಟೂ ಬದಲಾಗದ ಹುಲ್ಲುಗಾವಲು, ಗವ್ರಿಲರ ನಿಷ್ಠೆಗೆ ವಂದನೆ.' ಓದಿದ್ಯಾ?

ಅವನ್ನ್ಯಾಕೆ ಹಾಗೆ ಪಕ್ಕಪಕ್ಕ ಜೋಡಿಸ್ತಿದೀಯ? ...ಯಾವ ಸಾಲು? ಇರು, ಕನ್ನಡಕ... 'ಓಕ್ ಸಸಿ. ಒಂದು. ಎರಡೆಲೆ, ನಾಲ್ಕು ಬೆರಳು.' ಹೂಂ, ಇತ್ತು, ನಾಲ್ಕು ಬೆರಳೆತ್ತರ. ಯಾವುದೋ ಹಕ್ಕಿ ಬೀಜ ಬೀಳಿಸಿ ಹೋಗಿತ್ತು. ಮುಂದಿನ ವರ್ಷ... 'ಎರಡೆಲೆ, ನಾಲ್ಕು ಬೆರಳು.' ಅದರ ಮುಂದಿನ ವರ್ಷನೂ... ಅದಕ್ಕೇನೀಗ? ನಾನು ಕೊಯ್ತೀನಿ, ಅದು ಮತ್ತೆ ಚಿಗುರುತ್ತೆ. ಕೊಯ್ತೀನಿ, ಚಿಗುರುತ್ತೆ. ಅಷ್ಟೇ! ಎರಡೇ ಎಲೆ ಚಿಗುರಬಾರದು ಅಂತ ಕಾನೂನಿದೆಯಾ?

 

ಚೀಲದಿಂದ ಏನು ತೆಗೀತಿದೀಯ?

...ಕೊಂಬೆ. ಓಕ್ ಕೊಂಬೆ. ಎಲ್ಲಿಂದ ತಂದೆ? ...ಗೂಟಗಳ ಒಳಗಿಂದಾನಾ?

ನನ್ನ ಹೆಬ್ಬೆರಳಿನಷ್ಟು ದಪ್ಪ ಇದೆಯಲ್ಲಮ್ಮ. ಇದಕ್ಕೆ ಕುಡುಗೋಲು ತಾಗಿದ ಹಾಗೇ ಇಲ್ಲ... ಒಂದೆಲೆಯನ್ನೂ ಕಚ್ಚಿಲ್ಲ. ನಿಸ್ತೋರನ ಮಂದೇಲಿ ಆಡುಗಳಿವೆ. ಓಕ್ ಚಿಗುರು ಕಂಡ್ರೆ ಬುಡದ ತನಕ ತಿನ್ನದೆ ಬಿಡೋ ಜಾತಿ ಅಲ್ಲ ಅವು. ಅವು ಒಳಗೆ ಕಾಲಿಟ್ಟಿದ್ರೆ...

ಬೈಯಿ ತಾಯಿ. ಬೈದುಬಿಡು!

ಮೊದಲನೇ ವರ್ಷ ನಿಜವಾಗ್ಲೂ ಮಂಡಿ, ಗುಡ್ಡ ಹತ್ತೋಕಾಗಲಿಲ್ಲ. ಹಿಂದಿನ ಪುಟ ನೋಡಿ ಬರೆದುಬಿಟ್ಟೆ, ಒಂದೇ ವರ್ಷ ಅಲ್ವಾ ಅಂತ. ವೆತೂರಿಯಾ ಸತ್ತುಹೋಗಿದ್ರು, ಕೇಳೋರಿರಲಿಲ್ಲ. ಎರಡನೇ ವರ್ಷ ಮಂಡಿ ವಾಸಿಯಾಗಿತ್ತು. ಆದ್ರೆ ಹೋದ್ರೆ... ಕೊಯ್ಯದೆ ಬಿಟ್ಟ ಹುಲ್ಲು ಸಣ್ಣ ಹೂಗಳನ್ನ ಹಿಸುಕಿರುತ್ತೋ ಏನೋ ಅಂತ ಭಯ. ಆಮೇಲೆ ಆ ಕಾಗದ ಬಂತು. ಥೂ! ಗೋಡೆಗೆ ಮೊಳೆ ಹೊಡೆದು ತಗುಲಿಸಿದೆ. ನನ್ನ ಜನ್ಮಕ್ಕಿಷ್ಟು!

ಆ ದೂರು ಬರೀಬೇಡ. ನಿಸ್ತೋರನ ಹೆಸರು ಎಲ್ಲೂ ಬೇಡ. ಪುಸ್ತಕ ಇತ್ತ ಕೊಡು, ಪೆನ್ನು ಕೊಡು. ಈ ವರ್ಷದ್ದು ನಾನೇ ಬರೀತೀನಿ, ಸರಿಯಾಗಿ ಬರೀತೀನಿ. 'ಓಕ್. ಒಂದು.'

...ಎಷ್ಟೆತ್ತರ ಆಗಿದೆಯಮ್ಮ ಅದು?