ಪ್ರಿಂಟ್ ಕಿಡ್ನಿ ಬರೂತನ

ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ರಾಮನಗರದ ಬಸ್ಸಿಗೆ ಕಾಯುತ್ತ ಮನಸ್ಸಿನಲ್ಲೇ ವಚನ ಹೇಳಿಕೊಳ್ಳುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅಕ್ಕ, ಅವಳ ತಮ್ಮ. ತಮ್ಮನ ಮುಖ ಬಾತಿತ್ತು. ಅವರ ಮಾತು ಕಿವಿಗೆ ಬಿದ್ದು ನನ್ನ ವಚನ ಅರ್ಧಕ್ಕೇ ನಿಂತಿತು.

“ಸ್ವಲ್ಪ ತಡಿಯಕ್ಕ. ನಮ್ಮ ಮೈಯಾಗಿನ ಜೀವಕೋಶನ ತಗೊಂಡು ಮಿಷನ್‌ನ್ಯಾಗ ಕಿಡ್ನಿ ಪ್ರಿಂಟ್ ಮಾಡ್ತಾರಂತ. ನಿಂದು ಯಾಕ ಕೊಯ್ಯಬೇಕು?”

“ಯಾವಾಗ ಸಿಗತೈತಂತ?”

“ಇನ್ನೂ ಪ್ರಯೋಗ ನಡದಾವು. ಹತ್ತು ವರ್ಷನೂ ಆಗಬಹುದು.”

“ಡಾಕ್ಟರು ನಿನಗ ಹತ್ತು ವರ್ಷ ತಡೀಬಹುದು ಅಂದಾರೇನು?”

ತಮ್ಮ ತೊಡೆಯ ಮೇಲಿದ್ದ ಆಸ್ಪತ್ರೆಯ ಫೈಲು ತೆರೆದು ಮುಚ್ಚಿದ. ಅಕ್ಕ ಬಿಡಲಿಲ್ಲ.

“ಸಿದ್ದಾ, ನಿಮ್ಮ ಪೇಪರ್ ಮಿಲ್ಲಿಗೆ ಹೊಸ ಮಿಷನ್ ಬಂದಾಗ ಮೊದಲಿನ ರೀಲ್ ಮಾರಿದ್ರೇನು?”

“ಎಲ್ಲಿ ಮಾರೂದು? ಬರೇ ಹರಕ ಕಾಗದ ಬರ್ತಿತ್ತು. ತಿಂಗಳಗಟ್ಟಲೆ ಅದನ್ನ ಮತ್ತ ನೀರಿಗೆ ಹಾಕಿ ಅರದ್ವಿ.”

“ಕಾಗದ ಅರದು ಮತ್ತ ಮಾಡಬಹುದು. ನಿನ್ನ ಮತ್ತ ಹೆಂಗ ಮಾಡ್ಲಿ?”

“ಮಾಮಾ ಏನಂತಾನ?”

“ನನ್ನ ಗಂಡ ಅನ್ನೂದೆಲ್ಲಾ ಅಂದು ಮುಗಿಸ್ಯಾನ, ಈಗ ಹೂಂ ಅಂದಾನ. ವರ್ಷಾ ವರ್ಷಾ ಪಂಚಮಿಗೆ ನೀ ಕೊಟ್ಟ ಸೀರಿ ಒಂದೂ ನನಗ ಒಪ್ಪಲಿಲ್ಲ. ಆದ್ರೂ ಉಟ್ಟೀನಿಲ್ಲೋ? ನೀನೂ ಬಾಯಿ ಮುಚ್ಚಿ ತಗೋ.”

ತಮ್ಮ ನಕ್ಕ. ನಗು ನಿಂತ ಮೇಲೆ ಕೇಳಿದ: “ನಿನಗ ಏನರ ಆದ್ರ?”

“ಎಲ್ಲಾ ಕೇಳೇನಿ. ಒಂದರ ಮ್ಯಾಲೆ ಬದುಕಬಹುದು ಅಂದಾರ. ಆ ಪ್ರಿಂಟಿಂದು ಬರೂತನ ನಂದು ನಡಸು. ಇದು ಹಳೇದಾತಂದ್ರ ಆವಾಗ ಹೊಸಾದು ಹಾಕಿಸ್ಕೋ.”

ಧಾರವಾಡದ ಬಸ್ ಬಂದು ನಿಂತಿತು. ತಮ್ಮನೇ ಮೊದಲು ಎದ್ದ.

“ಏಳಕ್ಕ, ಹೋಗೂಣು. ದವಾಖಾನ್ಯಾಗ ಒಪ್ಪಿಗಿ ಕಾಗದಕ್ಕ ಇವತ್ತ ಸಹಿ ಮಾಡ್ತೇನಿ.”

“ಮೊದಲ ಬಸ್ ಹತ್ತು” ಎಂದು ಅವಳು ಅವನ ಬೆನ್ನಿಗೆ ಕೈ ಕೊಟ್ಟು ಮುಂದೆ ನಡೆಸಿದಳು.