ಎಂಟು ಸಾವಿರದ ಬೊಗಳು

"ಒಂದಕ್ಕೆ ವರ್ಷಕ್ಕೆ ಹನ್ನೆರಡು ಸಾವಿರ, ಇನ್ನೊಂದಕ್ಕೆ ಇಪ್ಪತ್ತು, ಅತ್ತಿಗೆ."

ಕಣ್ಣಾಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತಿದ್ದ ದರ್ಜಿಯ ಕಿವಿ ನೆಟ್ಟಗಾಯಿತು. ಪಕ್ಕದಲ್ಲಿ ಕೂತಿದ್ದ ಅತ್ತಿಗೆ-ಮೈದುನ ನಡೆಸುವ ಬೀದಿನಾಯಿಗಳ ಆಶ್ರಯಕ್ಕೆ ದೇಣಿಗೆ ಸಂಗ್ರಹಿಸುವ ಸಾಫ್ಟ್‌ವೇರ್ ಬೇಕಿತ್ತು.

"ಅಗ್ಗದ್ದೇ ಸಾಕಲ್ಲಪ್ಪಾ?"

"ಅದ್ರಲ್ಲಿ ದಾನಿಗಳ ನಂಬರ್ ನಮಗೆ ಕಾಣಲ್ಲ. ಥ್ಯಾಂಕ್ಸೂ ಅದೇ ಕಳಿಸುತ್ತೆ."

"ಹಂಗಾದ್ರೆ ನಾನು ದಾನಿಗಳಿಗೆ ಫೋನ್ ಮಾಡಿ ನಾಯಿ ಕೈಲಿ ಬೊಗಳಿಸೋದು?"

"ನಿಂತ್ಹೋಗುತ್ತೆ."

"ಬೇಡಪ್ಪಾ. ನಮ್ಮ ದಾನಿ ಮೇಷ್ಟ್ರೊಬ್ರು ಇದಾರಲ್ಲ, ತಾವು ಸಾಕಿದ ನಾಯಿ ಸತ್ತ ಮೇಲೆ ತಿಂಗಳು ತಿಂಗಳು ದುಡ್ಡು ಕೊಡೋದೇ ಆ ಬೊಗಳು ಕೇಳೋಕೆ. ಇಪ್ಪತ್ತು ಸಾವಿರದ್ದೇ ತಗೋ."

"ಬೊಗಳಿಗೆ ಎಂಟು ಸಾವಿರ ಜಾಸ್ತಿನಾ!"

"ನಿನ್ನ ಮಾತಿಗಿಂತ ಕೇಳೋಕೆ ಚೆನ್ನಾಗಿದೆ, ನಡಿ."

ನರ್ಸ್ ಕರೆದರು, ಇಬ್ಬರೂ ಒಳಗೆ ಹೋದರು. ಮೇಷ್ಟ್ರಿಗೆ ಬೊಗಳು ಉಳಿಯಿತು. ತಾನೂ ದೇಣಿಗೆ ಕೊಟ್ಟು ಆ ಬೊಗಳು ಕೇಳಬೇಕೆಂದುಕೊಂಡ ದರ್ಜಿ ಮಾತ್ರ ಆಶ್ರಯದ ನಂಬರ್ ಕೇಳಲು ಮರೆತಿದ್ದ.