ಉಜ್ಜದೆ ಉಳಿದ ಚಿತ್ರ

ಶಿವಕ್ಕನವರೇ, ಆನ್ಯಾ, ನಮ್ಮ ರಾಜಶೇಖರ ಅವರನ್ನು ನೆನೆಯಲು ಈ ಚಳಿಯಲ್ಲಿ ಸಮರ್‌ಸೆಟ್‌ವರೆಗೆ ಬಂದ ಎಲ್ಲರಿಗೂ ನಮಸ್ಕಾರ. ನಾನು ವಿಜಿ. ಹ್ಯಾರಿಸನ್ ಊರಿನ ಚಿತ್ರದ ಸ್ಟುಡಿಯೋದಲ್ಲಿ ಅವರ ಪಕ್ಕದ ಮೇಜು ನನ್ನದು. — ಅಂಕಲ್, ಕ್ಷಮಿಸಿ, ಆ ಹಾರ ಫೋಟೋಗೆ ಹಾಕಿ. ಚಿತ್ರಕ್ಕೆ ಬೇಡ, ಅದಿನ್ನೂ ಹಸಿ. ಹೂವು ಅಂಟಿಕೊಂಡರೆ ಬಿಡಿಸಲಾಗದು.

ಏನೋ ಒಳ್ಳೆಯ ಮಾತು ಆಡಬೇಕೆಂದು ಬಂದೆ. ಬಾಗಿಲಲ್ಲೇ ಅವರ ಕೊನೆಯ ಚಿತ್ರ ಕಂಡಿತು — ಹೀಟರ್ ಮುಂದೆ! ಆಗಿನಿಂದ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ. ಆನ್ಯಾ, ಅಜ್ಜನ ಚಿತ್ರ ಒಣಗಲಿ ಎಂದು ನೀನು ಅಲ್ಲಿಟ್ಟೆ, ತಪ್ಪು ನಿನ್ನದಲ್ಲಮ್ಮ. “ಇಟ್ಸ್ ಸ್ಟಿಲ್ ವೆಟ್, ಆಂಟಿ” ಅಂದೆ ನೀನು. ಒದ್ದೆಯಾದದ್ದನ್ನು ಬಿಸಿಗೆ ಹಿಡಿಯುವುದು ಎಲ್ಲರೂ ಮಾಡುವುದೇ.

ಆದರೆ ಈ ಚಿತ್ರಕ್ಕೆ ಬಳಿದಿರುವುದು ಚನ್ನಪಟ್ಟಣದ ಬೊಂಬೆಯ ಅರಗಲ್ಲ. ಚೀನಾದ ಒಂದು ಮರದ ಸೊನೆ. ಮಾವು, ಗೇರಿನ ಬಳಗದ್ದು. ಮೈಗೆ ತಾಗಿದರೆ ಗುಳ್ಳೆ. ಒಣಗಾಳಿಯಲ್ಲಿ ಗಟ್ಟಿಯಾಗದು, ತೇವ ಬೇಕು. ಅದಕ್ಕೇ ಚಳಿಗಾಲದಲ್ಲಿ ಅವರು ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಒದ್ದೆ ಟವೆಲ್ ಹಾಸಿದ ಪೆಟ್ಟಿಗೆಯಲ್ಲಿ ಚಿತ್ರ ಇಡುತ್ತಿದ್ದರು. ಕಟ್ಟಿಕೊಂಡ ತಪ್ಪಿಗೆ ಶಿವಕ್ಕ ಬೈಯುತ್ತಿದ್ದರು: “ಈ ಮನ್ಯಾಗ ಜಳಕಾ ಮೊದಲ ಚಿತ್ರಕ್ಕ, ಆಮ್ಯಾಲೆ ನನಗ!”

ಬಣ್ಣ, ಚಿನ್ನದ ರೇಕು, ಎಲ್ಲ ಪದರ ಪದರವಾಗಿ ಹಚ್ಚಿ, ಮೇಲೆ ಕಪ್ಪು ಬಳಿಯುತ್ತಾರೆ. ಗಟ್ಟಿಯಾದ ಮೇಲೆ ನೀರು ಹಾಕಿ ನಯವಾದ ಮರಳು ಕಾಗದದಿಂದ ಉಜ್ಜಬೇಕು. ಆಗ ಒಳಗಿನ ಚಿತ್ರ ಕಾಣುತ್ತದೆ. ಕಡಿಮೆ ಉಜ್ಜಿದರೆ ಬರೀ ಕಪ್ಪು. ಹೆಚ್ಚಾಯಿತೋ — ಚಿತ್ರವೇ ಹೋಯಿತು. ನನ್ನದು ದುಡುಕು ಕೈ. ಅವರು ಬಂದು ಮಣಿಕಟ್ಟು ಹಿಡಿದು — ಹೀಗೆ — “ಸಾಕ್ ಬಿಡವಾ ವಿಜಿ” ಅನ್ನುತ್ತಿದ್ದರು.

ಇದರೊಳಗೆ ಏನು ಬರೆದಿದ್ದೀರಿ ಎಂದು ಕೇಳಿದ್ದೆ. “ಉಜ್ಜಿದ ಮ್ಯಾಲೆ ನೋಡು” ಎಂದು ನಕ್ಕರು. ಕಪ್ಪು ಬಳಿದರು, ಹೊರಟೇಹೋದರು. ಇವತ್ತು ಬೆಳಿಗ್ಗೆ ಶಿವಕ್ಕ, “ನೀನ ಉಜ್ಜವಾ” ಅಂದರು. ನನಗೆ ಭಯ. ಸಿಟ್ಟೂ ಇದೆ, ಅವರ ಮೇಲೆ. ಒಂದು ಮಾತು ಹೇಳಿ ಹೋಗಬಾರದಿತ್ತೇ? ಒಳಗೆ ಏನಿದೆ ಎಂದೇ ತಿಳಿಯದವಳು ಎಲ್ಲಿ ನಿಲ್ಲಿಸಲಿ?

ಚಿತ್ರ ಇನ್ನೂ ಕೆಟ್ಟಿಲ್ಲ. ಇವತ್ತೇ ಪೆಟ್ಟಿಗೆಗೆ ಸೇರಿದರೆ ಉಳಿಯುತ್ತದೆ. ಗಟ್ಟಿಯಾಗಲಿ, ಉಜ್ಜುತ್ತೇನೆ ಶಿವಕ್ಕ. ಆದರೆ ನೀವು ಪಕ್ಕದಲ್ಲೇ ಕೂರಬೇಕು. ಅವರು ಬರೆದದ್ದರ ಗುರುತು ಹತ್ತುವುದಾದರೆ ನಿಮಗೇ. ಹತ್ತಿದ ಕೂಡಲೇ “ಸಾಕು” ಅನ್ನಿ.

ಯಾರಾದರೂ ಆ ಹೀಟರ್ ಆರಿಸಿ. ಈಗ ಎಲ್ಲರೂ ದಯವಿಟ್ಟು ಎದ್ದು ನಿಂತು, ಅವರಿಗಾಗಿ ಮೌನವಾಗಿರೋಣ. ಎಷ್ಟು ಹೊತ್ತು ಎಂದು ನಾನು ಹೇಳುವುದಿಲ್ಲ — ಸಾಕು ಅನ್ನುವುದು ಶಿವಕ್ಕನವರಿಗೆ ಬಿಟ್ಟದ್ದು.